ಹೆಚ್ಚಿಗೆ ಬಂದ ನಾನೂರು ಮಿಲಿಮೀಟರ್: ಥಾರ್ ರಾಕ್ಸ್ ಕೊಳ್ಳುವ ಮುನ್ನ

ಪ್ರಶ್ನೆ: ನಾನು ಮೈಸೂರಿನಲ್ಲಿ ಉಪನ್ಯಾಸಕ, ಕುವೆಂಪುನಗರದಲ್ಲಿ ವಾಸ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು ಮತ್ತು ಎಪ್ಪತ್ತೆರಡು ವರ್ಷದ ತಾಯಿ ಇದ್ದಾರೆ. ಪಾಂಡವಪುರ ತಾಲ್ಲೂಕಿನ ನಮ್ಮೂರಿನಲ್ಲಿ ನಾಲ್ಕು ಎಕರೆ ಕಬ್ಬು, ಭತ್ತದ ಜಮೀನಿದೆ, ವಾರಕ್ಕೊಮ್ಮೆಯಾದರೂ ಹೋಗಿಬರುತ್ತೇನೆ. ಊರಿನಿಂದ ಗದ್ದೆಗೆ ಒಂದೂವರೆ ಕಿಲೋಮೀಟರ್ ನಾಲೆ ಏರಿಯ ಮೇಲೆ, ಅಲ್ಲಿಂದ ಮುಂದೆ ಗಾಡಿ ಜಾಡಿನಲ್ಲಿ ಹೋಗಬೇಕು. ಮಳೆಗಾಲದಲ್ಲಿ ಈಗಿರುವ ಚಿಕ್ಕ ಕಾರನ್ನು ಊರಲ್ಲೇ ಬಿಟ್ಟು ನಡೆಯುತ್ತೇನೆ. ತಿಂಗಳಿಗೊಮ್ಮೆ ಬೆಂಗಳೂರು, ರಜೆಯಲ್ಲಿ ಕೊಡಗು. ಮಹೀಂದ್ರಾದ ಐದು ಬಾಗಿಲಿನ ಥಾರ್ ರಾಕ್ಸ್ ಓಡಿಸಿ ನೋಡಿದೆ, ಮನಸ್ಸಿಗೆ ಹಿಡಿಸಿತು. ಷೋರೂಮಿನವರು ‘ನಮ್ಮ ಕಡೆಗೆ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ) ಬೇಕಿಲ್ಲ ಸಾರ್, ಪೆಟ್ರೋಲ್ ಆಟೋಮ್ಯಾಟಿಕ್ ಸಾಕು’ ಎನ್ನುತ್ತಾರೆ. ಸಹೋದ್ಯೋಗಿಯೊಬ್ಬರು ಮಾರುತಿಯ ಜಿಮ್ನಿಯೇ ನಿಜವಾದ ಗಾಡಿ ಎನ್ನುತ್ತಾರೆ. ರಾಕ್ಸ್‌ನ ಗುಣದೋಷಗಳನ್ನು ನಮ್ಮ ಬಳಕೆಗೆ ಹೊಂದಿಸಿ ತಿಳಿಸುವಿರಾ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಬಹಳ ಉಪಯೋಗವಾದದ್ದು ಆ ಒಂದೂವರೆ ಕಿಲೋಮೀಟರ್ ನಾಲೆ ಏರಿಯ ಮಾತು. ಬಹುಪಾಲು ಓದುಗರು ‘ಆಫ್ ರೋಡ್ ಹೋಗಬೇಕು’ ಎಂದಷ್ಟೇ ಬರೆಯುತ್ತಾರೆ. ಯಾವ ಮಣ್ಣು, ಯಾವ ಕಾಲ, ಎಷ್ಟು ದೂರ ಎಂದು ಹೇಳುವುದಿಲ್ಲ. ನೀವು ಹೇಳಿದ್ದೀರಿ. ಆದ್ದರಿಂದ ಈ ಉತ್ತರ ರಾಜಸ್ಥಾನದ ಮರಳಿಗೂ ಲಡಾಖಿನ ಹಿಮಕ್ಕೂ ಹೋಗದೆ ಮಂಡ್ಯ ಜಿಲ್ಲೆಯ ಕೆಸರಿನಲ್ಲೇ ನಿಲ್ಲುತ್ತದೆ.

ರಾಕ್ಸ್ ಬಂದದ್ದು 2024ರ ಆಗಸ್ಟ್ ಮಧ್ಯದಲ್ಲಿ. ಅದಕ್ಕೂ ಮೊದಲು, 2020ರಿಂದ ಮಾರಾಟದಲ್ಲಿದ್ದ ಮೂರು ಬಾಗಿಲಿನ ಥಾರ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2,450 ಮಿ.ಮೀ. ಇತ್ತು. ರಾಕ್ಸ್‌ನಲ್ಲಿ ಅದು 2,850 ಮಿ.ಮೀ. ಈ ವಾಹನದ ಒಳ್ಳೆಯ ಗುಣಗಳಲ್ಲಿ ಹೆಚ್ಚಿನವೂ ಅದರ ಮುಖ್ಯ ದೋಷವೂ ಹುಟ್ಟಿರುವುದು ಹೀಗೆ ಹೆಚ್ಚಿಗೆ ಬಂದ ನಾನೂರು ಮಿಲಿಮೀಟರಿನಿಂದಲೇ ಎಂಬುದು ನನ್ನ ಅಭಿಪ್ರಾಯ. ಹಿಂದಿನ ಸೀಟಿಗೆ ಪ್ರತ್ಯೇಕ ಬಾಗಿಲು ಬಂದದ್ದು, ನಿಮ್ಮ ತಾಯಿಯವರು ಮುಂದಿನ ಸೀಟನ್ನು ಮಡಚಿ ನುಸುಳಬೇಕಾದ ಕಷ್ಟ ತಪ್ಪಿದ್ದು, ಮೂವರು ಹಿಂದೆ ಕೂರಲು ಸಾಧ್ಯವಾದದ್ದು, ಅವರ ಬೆನ್ನ ಹಿಂದೆ ಎರಡು ಮೂಟೆ ಗೊಬ್ಬರಕ್ಕೋ ಒಂದು ವಾರದ ಪ್ರವಾಸದ ಸೂಟ್‌ಕೇಸುಗಳಿಗೋ ಜಾಗ ಸಿಕ್ಕಿದ್ದು, ಹೆದ್ದಾರಿಯಲ್ಲಿ ಗಾಡಿ ಕುದುರೆಯಂತೆ ಮುಗ್ಗರಿಸದೆ ನೇರವಾಗಿ ಹೋಗುವುದು, ಎಲ್ಲವೂ ಆ ಅಂತರದ ಕೊಡುಗೆ. ಪ್ರತಿಯಾಗಿ ವಾಹನದ ಹೊಟ್ಟೆ ಉದ್ದವಾಯಿತು. ಉದ್ದ ಹೊಟ್ಟೆಯ ಪ್ರಾಣಿ ಬದು ದಾಟುವಾಗ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಇದನ್ನು ಅಂಕಿಯಲ್ಲಿ ಹೇಳುವುದಾದರೆ, ಎದುರಿನ ಏರನ್ನು ಮೂತಿ ತಾಗದೆ ಹತ್ತುವ ಕೋನ ರಾಕ್ಸ್‌ನಲ್ಲಿ 41.7 ಡಿಗ್ರಿ, ಇಳಿಯುವಾಗ ಹಿಂಬದಿ ತಾಗದಿರುವ ಕೋನ 36.1 ಡಿಗ್ರಿ. ಇವೆರಡೂ ಬಹಳ ಒಳ್ಳೆಯ ಅಂಕಿಗಳು; ಮೂರು ಬಾಗಿಲಿನ ಥಾರ್‌ಗೆ ಸರಿಸಮ. ದಿಬ್ಬದ ನೆತ್ತಿಯನ್ನು ಹೊಟ್ಟೆ ತಾಗದೆ ದಾಟುವ ಕೋನ ಮಾತ್ರ 23.9 ಡಿಗ್ರಿ, ಚಿಕ್ಕ ಥಾರ್‌ನಲ್ಲಿ ಇದು 27ರ ಆಸುಪಾಸಿನಲ್ಲಿದೆ. ಜಾಹೀರಾತುಗಳಲ್ಲಿ ಮೊದಲ ಎರಡು ಕೋನಗಳ ಚಿತ್ರವೇ ಕಾಣುವುದು, ಏಕೆಂದರೆ ಬಂಡೆ ಹತ್ತುವ ಗಾಡಿ ನೋಡಲು ಚೆಂದ. ಆದರೆ ನಮ್ಮ ಕಡೆಯ ದಾರಿಗಳಲ್ಲಿ ಬಂಡೆ ಹತ್ತುವ ಪ್ರಸಂಗ ಎಲ್ಲಿದೆ? ಉಪನಾಲೆಯ ಮೇಲೆ ಕೊಳವೆ ಹೂತು ಮಣ್ಣು ಏರಿಸಿದ ಮೋರಿಗಳಿವೆ, ಗದ್ದೆಗಿಳಿಯುವ ಕಡೆ ಬದುವಿನ ಉಬ್ಬುಗಳಿವೆ, ಕಬ್ಬಿನ ಲೋಡಿನ ಟ್ರ್ಯಾಕ್ಟರುಗಳು ಎರಡೂ ಕಡೆ ಕೊರೆದು ನಡುವೆ ದಿಣ್ಣೆ ಬಿಟ್ಟುಹೋದ ಜಾಡುಗಳಿವೆ. ಇವೆಲ್ಲವೂ ಹೊಟ್ಟೆಯನ್ನು ಪರೀಕ್ಷಿಸುವ ಜಾಗಗಳೇ.

ಆದ್ದರಿಂದ ಮುಂಗಡ ಹಣ ಕೊಡುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ಜಾಡಿನಲ್ಲಿ ಅತಿ ಉಬ್ಬಾದ ಮೋರಿಯ ಬಳಿ 2,850 ಮಿ.ಮೀ., ಅಂದರೆ ಒಂಬತ್ತು ಅಡಿ ನಾಲ್ಕು ಅಂಗುಲ ದೂರದಲ್ಲಿ, ದಿಬ್ಬ ಸರಿಯಾಗಿ ನಡುವೆ ಬರುವಂತೆ ಎರಡು ಗೂಟ ನೆಡಿ. ಗೂಟಗಳ ಬುಡದಲ್ಲಿ ನೆಲಮಟ್ಟಕ್ಕೆ ದಾರ ಎಳೆದರೆ ಅದು ದಿಬ್ಬವನ್ನು ಕೊರೆದುಕೊಂಡು ಹೋಗಬೇಕಾಗುತ್ತದೆ; ಆದ್ದರಿಂದ ಎರಡೂ ಗೂಟಗಳಲ್ಲಿ ನೆಲದಿಂದ ಸರಿಯಾಗಿ ಎರಡಡಿ ಎತ್ತರಕ್ಕೆ ದಾರವನ್ನು ಬಿಗಿದು ಕಟ್ಟಿ, ದಿಬ್ಬದ ನೆತ್ತಿಯಿಂದ ದಾರದವರೆಗೆ ಎಷ್ಟು ಅಂತರ ಉಳಿಯಿತೆಂದು ನೋಡಿ. ಹದಿನಾರು ಅಂಗುಲ ಅಥವಾ ಹೆಚ್ಚು ಉಳಿದರೆ ದಿಬ್ಬ ಎಂಟು ಅಂಗುಲದೊಳಗಿದೆ ಎಂದರ್ಥ, ರಾಕ್ಸ್ ದಾಟುತ್ತದೆ. ಹದಿನಾಲ್ಕೋ ಹನ್ನೆರಡೋ ಮಾತ್ರ ಉಳಿದರೆ ಹೊಟ್ಟೆ ಕೂರುತ್ತದೆ. ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲ ಹೋದರೂ ಹೊಟ್ಟೆ ಕೂತ ಗಾಡಿಗೆ ಅದರಿಂದ ಪ್ರಯೋಜನವಿಲ್ಲ, ಏಕೆಂದರೆ ಭಾರವೆಲ್ಲ ಚಕ್ರ ಬಿಟ್ಟು ಚಾಸಿಯ ಮೇಲೆ ಬಂದಿರುತ್ತದೆ. ದಾರ ಕಟ್ಟಿದ ಮೇಲೆ ಅದೇ ಜಾಗದಲ್ಲಿ ದಾರಿಯ ಅಗಲವನ್ನೂ ಅಳೆಯಿರಿ. ಕನ್ನಡಿಗಳನ್ನು ಬಿಟ್ಟು ರಾಕ್ಸ್‌ನ ಅಗಲ 1,870 ಮಿ.ಮೀ., ಅಂದರೆ ಆರು ಅಡಿ ಎರಡು ಅಂಗುಲಕ್ಕೆ ಹತ್ತಿರ.

ಷೋರೂಮಿನವರ ಮಾತಿಗೆ ಬರೋಣ. ‘ನಮ್ಮ ಕಡೆಗೆ ಫೋರ್ ಬೈ ಫೋರ್ ಬೇಕಿಲ್ಲ’ ಎಂಬುದು ಮೈಸೂರಿನ ರಿಂಗ್ ರಸ್ತೆಗೆ ನಿಜ, ನಿಮ್ಮ ಗದ್ದೆಗೆ ಸುಳ್ಳು. ಅದಕ್ಕೂ ಮುಂದೆ ಹೋಗಿ ನಾನು ಹೇಳುವುದೇನೆಂದರೆ, ಹಿಂಬದಿಯ ಎರಡು ಚಕ್ರಗಳಿಗೆ ಮಾತ್ರ ಬಲ ಹೋಗುವ ರಾಕ್ಸ್ ಒದ್ದೆ ಜೇಡಿಯ ಮೇಲೆ ನಿಮ್ಮ ಈಗಿನ ಚಿಕ್ಕ ಕಾರಿಗಿಂತಲೂ ಬೇಗ ಸಿಕ್ಕಿಕೊಳ್ಳುವ ಸಂಭವವಿದೆ. ಈ ಮಾತು ವಿಚಿತ್ರವಾಗಿ ಕೇಳಿಸಬಹುದು. ಚಿಕ್ಕ ಕಾರಿನಲ್ಲಿ ಎಂಜಿನ್ನಿನ ಭಾರ ಮುಂಚಕ್ರಗಳ ಮೇಲಿರುತ್ತದೆ, ಎಳೆಯುವುದೂ ಅವೇ ಚಕ್ರಗಳು. ಆದ್ದರಿಂದ ನೆಲ ಹಿಡಿಯುವ ಶಕ್ತಿ ಅವಕ್ಕೆ ತಕ್ಕಮಟ್ಟಿಗೆ ಇರುತ್ತದೆ. ಹಿಂಬದಿ ಖಾಲಿಯಿರುವ ರಾಕ್ಸ್‌ನಲ್ಲಿ ಎಂಜಿನ್ ಮುಂದೆ, ದೂಡುವ ಚಕ್ರ ಹಿಂದೆ. ಸುಮಾರು ಎರಡು ಟನ್ ತೂಕದ ಗಾಡಿಯನ್ನು ಕಡಿಮೆ ಭಾರ ಹೊತ್ತ ಎರಡು ಚಕ್ರಗಳು ಕೆಸರಿನಲ್ಲಿ ದೂಡಬೇಕು. ಚಿಕ್ಕ ಕಾರು ಸೋಲುವುದು ನೆಲದಿಂದ ಅದರ ಎತ್ತರ ಸಾಲದೆ. ಈ ಗಾಡಿ ಸೋಲುವುದು ಹಿಡಿತ ಸಾಲದೆ. ಸಮತಟ್ಟಾದ ಗದ್ದೆಯಲ್ಲಿ ಸಿಕ್ಕಿಕೊಂಡರೆ ಟ್ರ್ಯಾಕ್ಟರ್ ಕರೆಸಿದರಾಯಿತು. ಆದರೆ ನಾಲೆ ಏರಿಯ ಮೇಲೆ ಹಿಂಬದಿ ಜಾರಿತೆಂದರೆ ಅದು ಜಾರುವುದು ನೀರಿನ ಕಡೆಗೆ. ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲಿನ ರಸ್ತೆಗಳಲ್ಲಿ ವಾಹನಗಳು ನೀರಿಗೆ ಉರುಳಿದ ದುರಂತಗಳನ್ನು ಜಿಲ್ಲೆ ಎಷ್ಟೋ ಸಲ ಕಂಡಿದೆ. 2018ರ ನವೆಂಬರಿನಲ್ಲಿ ನಿಮ್ಮದೇ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸು ನಾಲೆಗೆ ಬಿದ್ದದ್ದನ್ನು ನೀವು ಮರೆತಿರಲಾರಿರಿ. ಆದ್ದರಿಂದ ಫೋರ್ ಬೈ ಫೋರ್ ಎಂಬುದು ನಿಮ್ಮ ವಿಷಯದಲ್ಲಿ ಷೋಕಿಯ ಮಾತಲ್ಲ.

ಇನ್ನೊಂದು ಕಾರಣವೂ ಇದೆ, ಅದನ್ನು ಮಾರಾಟಗಾರರು ಸಾಮಾನ್ಯವಾಗಿ ಬಾಯಿಬಿಟ್ಟು ಹೇಳುವುದಿಲ್ಲ. ನಾಲ್ಕು ಚಕ್ರಕ್ಕೂ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಇರುವ ಮಾದರಿಯಲ್ಲಷ್ಟೇ ‘ಲೋ’ ಗೇರ್ ಇರುತ್ತದೆ. ಅದಕ್ಕೆ ಹಾಕಿದಾಗ ಚಕ್ರಗಳ ವೇಗ ಸುಮಾರು ಎರಡೂವರೆ ಪಟ್ಟು ಇಳಿದು ಎಳೆಯುವ ಬಲ ಅಷ್ಟೇ ಪಟ್ಟು ಏರುತ್ತದೆ. ಇದರ ನಿಜವಾದ ಉಪಯೋಗ ಕಡಿದಾದ ಏರು ಹತ್ತುವುದಕ್ಕಿಂತ ಇಳಿಜಾರಿನಲ್ಲಿ ಕಾಣುತ್ತದೆ: ಏರಿಯಿಂದ ಗದ್ದೆಯ ಮಟ್ಟಕ್ಕೆ ಇಳಿಯುವ ಒದ್ದೆ ದಾರಿಯಲ್ಲಿ ಬ್ರೇಕನ್ನು ಮುಟ್ಟದೆ, ಎಂಜಿನ್ನೇ ತಡೆದು ಹಿಡಿದಂತೆ, ನಡಿಗೆಗಿಂತ ನಿಧಾನವಾಗಿ ಇಳಿಯಬಹುದು. ಅಂಥ ಕಡೆ ಬ್ರೇಕ್ ಒತ್ತಿದರೆ ಚಕ್ರ ನಿಂತು ಗಾಡಿ ಜಾರುಬಂಡಿಯಾಗುತ್ತದೆ. ಹಿಂಚಕ್ರದ ಮಾದರಿಯಲ್ಲಿ ಈ ಲೋ ಗೇರ್ ಇಲ್ಲವೇ ಇಲ್ಲ, ಆಮೇಲೆ ಹಾಕಿಸಿಕೊಳ್ಳುವಂಥದ್ದೂ ಅಲ್ಲ.

ಫೋರ್ ಬೈ ಫೋರ್ ಮಾದರಿಯಲ್ಲಿ ಹಿಂದಿನ ಅಚ್ಚಿಗೆ ಗುಂಡಿ ಒತ್ತಿದರೆ ಬೀಗ ಬೀಳುವ ಡಿಫರೆನ್ಷಿಯಲ್ ಕೂಡ ದೊರೆಯುತ್ತದೆ. ಸಾಮಾನ್ಯ ಡಿಫರೆನ್ಷಿಯಲ್‌ನ ಸ್ವಭಾವವೆಂದರೆ ಸುಲಭವಾಗಿ ತಿರುಗುವ ಚಕ್ರಕ್ಕೇ ತಿರುಗಲು ಬಿಡುವುದು; ಹೀಗಾಗಿ ಒಂದು ಚಕ್ರ ಕೆಸರಿನಲ್ಲಿ ಗರಗರ ತಿರುಗುತ್ತ ಗುಂಡಿ ತೋಡಿಕೊಳ್ಳುತ್ತಿದ್ದರೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರ ಏನೂ ಮಾಡದೆ ನಿಂತಿರುತ್ತದೆ. ಬೀಗ ಹಾಕಿದಾಗ ಎರಡೂ ಒಟ್ಟಿಗೇ ತಿರುಗಲೇಬೇಕು. ತಿರುಗುವ ಚಕ್ರಕ್ಕೆ ಬ್ರೇಕ್ ಹಾಕಿ ಇದೇ ಪರಿಣಾಮ ಪಡೆಯುವ ಎಲೆಕ್ಟ್ರಾನಿಕ್ ಉಪಾಯವೂ ಉಂಟು, ಅಲ್ಪ ಸ್ವಲ್ಪ ಜಾರಿಕೆಗೆ ಅದು ಸಾಕು. ಅಚ್ಚು ಮುಳುಗುವ ಕೆಸರಿನಲ್ಲಿ ಅದನ್ನೇ ನೆಚ್ಚಿಕೊಂಡರೆ ಬ್ರೇಕುಗಳು ಅತಿಯಾಗಿ ಬಿಸಿಯಾಗುತ್ತವೆ.

ಇಲ್ಲಿ ಒಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕೆನಿಸುತ್ತದೆ. ರಾಕ್ಸ್‌ನ ಫೋರ್ ಬೈ ಫೋರ್ ವ್ಯವಸ್ಥೆ ಬೇಕಾದಾಗ ಮಾತ್ರ ಹಾಕಿಕೊಳ್ಳುವಂಥದ್ದು, ಅದರ ಮುಂದಿನ ಹಿಂದಿನ ಅಚ್ಚುಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂಚಕ್ರಗಳು ಹಿಂಚಕ್ರಗಳಿಗಿಂತ ಹೆಚ್ಚು ದೂರ ಉರುಳಬೇಕು. ಮಣ್ಣಿನಲ್ಲಾದರೆ ಚಕ್ರ ತುಸು ಜಾರಿ ಆ ವ್ಯತ್ಯಾಸವನ್ನು ನುಂಗಿಕೊಳ್ಳುತ್ತದೆ. ಒಣ ಡಾಂಬರಿನ ಮೇಲೆ ಜಾರಲು ಆಸ್ಪದವಿಲ್ಲದೆ ಇಡೀ ಸರಪಳಿ ಹುರಿಗೊಳ್ಳುತ್ತದೆ, ಸ್ಟೀರಿಂಗ್ ಬಿಗಿಯಾಗುತ್ತದೆ, ಟೈರ್ ಸವೆಯುತ್ತದೆ, ಕೊನೆಗೆ ಟ್ರಾನ್ಸ್‌ಫರ್ ಕೇಸಿಗೇ ಪೆಟ್ಟು. ‘ಮಳೆ ಬರುತ್ತಿದೆ, ಎಕ್ಸ್‌ಪ್ರೆಸ್‌ವೇನಲ್ಲಿ ಫೋರ್ ಬೈ ಫೋರ್ ಹಾಕಿಕೊಂಡರೆ ಹಿಡಿತ ಚೆನ್ನಾಗಿರುತ್ತದೆ’ ಎಂದು ಯಾರಾದರೂ ಸಲಹೆ ಕೊಟ್ಟರೆ ನಕ್ಕು ಸುಮ್ಮನಾಗಿ. ಗದ್ದೆಯ ದಾರಿ ಮುಗಿದು ಊರ ಟಾರು ರಸ್ತೆಗೆ ಬಂದ ಕೂಡಲೇ ಟು ವೀಲ್‌ಗೆ ಮರಳುವುದು ಅಭ್ಯಾಸವಾಗಲಿ.

ಜಿಮ್ನಿಯ ಬಗ್ಗೆ ನಿಮ್ಮ ಸಹೋದ್ಯೋಗಿಗಳ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಕೆಸರಿನ ಮಟ್ಟಿಗೆ ಅವರದ್ದೇ ಸರಿ. 2023ರ ಜೂನ್‌ನಲ್ಲಿ ನಮ್ಮಲ್ಲಿ ಮಾರಾಟಕ್ಕೆ ಬಂದ ಐದು ಬಾಗಿಲಿನ ಜಿಮ್ನಿಯ ತೂಕ ಸುಮಾರು 1,200 ಕಿಲೋ. ಮುಂದೆ ಹಿಂದೆ ಎರಡೂ ಕಡೆ ಇಡಿಯಾದ ಗಟ್ಟಿ ಅಚ್ಚು, ಎಲ್ಲ ಮಾದರಿಯಲ್ಲೂ ಲೋ ಗೇರ್ ಸಹಿತ ಫೋರ್ ಬೈ ಫೋರ್. ಕೆಸರಿನಲ್ಲಿ ಹಗುರವಾಗಿರುವುದಕ್ಕಿಂತ ದೊಡ್ಡ ಗುಣವಿಲ್ಲ. ರಾಕ್ಸ್ ಹೂತುಹೋಗುವ ಮೇಲ್ಪದರದ ಮೇಲೆ ಜಿಮ್ನಿ ತೇಲಿಕೊಂಡು ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಅದರಲ್ಲಿ ನಾಲ್ಕೇ ಸೀಟು, ನಿಮ್ಮ ಮನೆಯಲ್ಲಿ ಐದು ಜನ. ಸೀಟು ಎತ್ತಿದ್ದಾಗ ಡಿಕ್ಕಿಯಲ್ಲಿ 208 ಲೀಟರಿನಷ್ಟೇ ಜಾಗ. 105 ಪಿಎಸ್‌ನ ಪೆಟ್ರೋಲ್ ಎಂಜಿನ್ನು ತುಂಬಿದ ಗಾಡಿಯೊಡನೆ ಮಡಿಕೇರಿ ಘಾಟಿ ಹತ್ತುವಾಗ ಏದುಸಿರು ಬಿಡುತ್ತದೆ. ಒಬ್ಬಂಟಿ ರೈತನಿಗೆ, ಕಾಫಿ ತೋಟದ ಮೇಲ್ವಿಚಾರಕನಿಗೆ ನಾನು ಕಣ್ಣುಮುಚ್ಚಿ ಜಿಮ್ನಿ ಹೇಳುತ್ತೇನೆ. ನಿಮಗೆ ಹೇಳಲಾರೆ.

ಫೋರ್ಸ್ ಗೂರ್ಖಾದ ಐದು ಬಾಗಿಲಿನ ಮಾದರಿಯನ್ನು ನೀವು ಕೇಳಿಲ್ಲ, ಆದರೂ ನ್ಯಾಯಕ್ಕಾಗಿ ಎರಡು ಮಾತು. ಮುಂದೆ ಹಿಂದೆ ಎರಡೂ ಅಚ್ಚುಗಳಿಗೆ ಬೀಗ, ಕಾರ್ಖಾನೆಯಿಂದಲೇ ಬರುವ ಸ್ನಾರ್ಕೆಲ್ (ಎಂಜಿನ್ನಿಗೆ ಎತ್ತರದಿಂದ ಗಾಳಿ ಎಳೆಯುವ ಕೊಳವೆ), 233 ಮಿ.ಮೀ. ನೆಲದೆತ್ತರ, 700 ಮಿ.ಮೀ. ನೀರು ದಾಟುವ ಶಕ್ತಿ: ಕಚ್ಚಾ ದಾರಿಯಲ್ಲಿ ಅದು ರಾಕ್ಸ್‌ಗಿಂತ ಒಂದು ಕೈ ಮೇಲು. ಆಟೋಮ್ಯಾಟಿಕ್ ಇಲ್ಲ, ಏರ್‌ಬ್ಯಾಗ್ ಎರಡೇ, ನಯನಾಜೂಕು ಕಡಿಮೆ. ವಾರವಿಡೀ ಮೈಸೂರಿನ ಸಿಗ್ನಲುಗಳಲ್ಲಿ ಓಡಾಡುವವರು ಆರು ತಿಂಗಳಲ್ಲಿ ಬೇಸರಪಡುತ್ತಾರೆ.

ಹಾಗಾದರೆ ನಿಮಗೆ ಉಳಿಯುವುದು ರಾಕ್ಸ್‌ನ ಡೀಸೆಲ್ ಫೋರ್ ಬೈ ಫೋರ್. ಪೆಟ್ರೋಲ್ ಎಂಜಿನ್ನಿನೊಂದಿಗೆ ಫೋರ್ ಬೈ ಫೋರ್ ಕೊಟ್ಟಿಲ್ಲವಾದ್ದರಿಂದ ಈ ಆಯ್ಕೆ ತಾನಾಗಿಯೇ ಆದಂತಾಯಿತು, ಮತ್ತು ಅದರಿಂದ ನಷ್ಟವೇನಿಲ್ಲ. 2 ಲೀಟರಿನ ಟರ್ಬೋ ಪೆಟ್ರೋಲ್ ಎಂಜಿನ್ ಸದ್ದಿಲ್ಲದ, ಚುರುಕಾದ ಎಂಜಿನ್ ಹೌದು, ಆದರೆ ಊರೊಳಗೆ ಆಟೋಮ್ಯಾಟಿಕ್‌ನಲ್ಲಿ ಲೀಟರಿಗೆ ಹತ್ತು ಕಿಲೋಮೀಟರ್ ದಾಟಿಸುವುದು ಕಷ್ಟ. ಅದರ ಮೇಲೆ ಈಗ ಬಂಕುಗಳಲ್ಲಿ ಸಿಗುವುದು ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲಿನಷ್ಟು ಶಕ್ತಿ ಕಡಿಮೆಯಿರುವುದರಿಂದ ಮೈಲೇಜ್ ಇನ್ನಷ್ಟು ಇಳಿಯುತ್ತದೆ. (ನೀವು ಬೆಳೆದ ಕಬ್ಬೇ ಕಾಕಂಬಿಯಾಗಿ, ಎಥೆನಾಲ್ ಆಗಿ ನಿಮ್ಮದೇ ಟ್ಯಾಂಕಿಗೆ ಮರಳಬಹುದೆಂಬುದು ಬೇರೆ ಮಾತು.) 2.2 ಲೀಟರಿನ ಡೀಸೆಲ್ ಮಾದರಿಗೆ ತಕ್ಕಂತೆ 152 ಅಥವಾ 175 ಪಿಎಸ್ ಕೊಡುತ್ತದೆ. ಕೆಸರಿಗೆ ಬೇಕಾದ, ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗಲೇ ಒದಗುವ ಎಳೆತ ಅದರಲ್ಲಿದೆ. ಒಂದೇ ಷರತ್ತು: ಈಗಿನ ಬಿಎಸ್ 6 ಡೀಸೆಲ್‌ಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಅದು ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಲು ಆಗಾಗ್ಗೆ ಬಿಡುವಿಲ್ಲದ ದೂರದ ಓಟ ಬೇಕು. ಮನೆಯಿಂದ ಕಾಲೇಜಿಗೆ ಮೂರು ಕಿಲೋಮೀಟರ್ ಮಾತ್ರ ಓಡಿಸುವವರಿಗೆ ನಾನು ಡೀಸೆಲ್ ಬೇಡವೆನ್ನುತ್ತೇನೆ. ವಾರಕ್ಕೊಮ್ಮೆ ಶ್ರೀರಂಗಪಟ್ಟಣ ದಾಟಿ ಹೋಗುವ ನಿಮಗೆ ಆ ತೊಂದರೆ ಬರಲಾರದು.

ರಸ್ತೆಯ ಮೇಲಿನ ನಡತೆಯಲ್ಲಿ ರಾಕ್ಸ್ ತನ್ನ ತಮ್ಮನಿಗಿಂತ ಬಹಳ ಸುಧಾರಿಸಿದೆ. ಹಿಂದಿನ ಅಚ್ಚನ್ನು ಐದು ಕಡ್ಡಿಗಳು ಹಿಡಿದಿರುವ ವ್ಯವಸ್ಥೆಯಿಂದಾಗಿ ಅದು ಅಕ್ಕಪಕ್ಕ ಎಳೆದಾಡುವುದು ಕಡಿಮೆಯಾಗಿದೆ. ಹಾಗೆಂದು ಇದನ್ನು ಸೆಡಾನ್ ಎಂದುಕೊಳ್ಳಬೇಡಿ. ನಿಧಾನ ವೇಗದಲ್ಲಿ ಸಣ್ಣ ಗುಂಡಿಗಳ ಮೇಲೆ ಒಳಗಿರುವವರ ತಲೆ ಎಡಕ್ಕೂ ಬಲಕ್ಕೂ ಆಡುತ್ತದೆ. ಲ್ಯಾಡರ್ ಚಾಸಿಯ, ಅಂದರೆ ಏಣಿಯಾಕಾರದ ಚೌಕಟ್ಟಿನ ಮೇಲೆ ಕೂತ ಎತ್ತರದ ಗಾಡಿಗೆ ಅದು ಹುಟ್ಟುಗುಣ. ಮಾರಾಟಗಾರರು ಟೆಸ್ಟ್ ಡ್ರೈವಿಗೆ ಅಗಲವಾದ ನುಣುಪಾದ ರಸ್ತೆಗೇ ಕರೆದೊಯ್ಯುತ್ತಾರೆ. ನೀವು ಒತ್ತಾಯಿಸಿ ಹಳೆಯ ಬಡಾವಣೆಯ ಅಗೆದು ಮುಚ್ಚಿದ ರಸ್ತೆಯಲ್ಲಿ ಓಡಿಸಿ, ಆಗ ತಾಯಿಯವರು ಹಿಂದಿನ ಸೀಟಿನಲ್ಲಿರಲಿ. ನೆಲ ಎತ್ತರವಿರುವುದರಿಂದ ಹತ್ತುವುದು ಅವರಿಗೆ ಸುಲಭವಲ್ಲ. ಅಡ್ಡಮೆಟ್ಟಿಲಿನ ಮೇಲೆ ಕಾಲಿಟ್ಟು ಕಂಬದ ಹಿಡಿಕೆ ಹಿಡಿದು ಒಳಗೆ ತಿರುಗಿ ಕೂರಬೇಕು. ಎರಡು ಸಲ ಹತ್ತಿಳಿದ ಮೇಲೆ ಅವರು ಏನು ಹೇಳುತ್ತಾರೋ ಅದಕ್ಕೆ ನನ್ನ ಇಡೀ ಉತ್ತರಕ್ಕಿಂತ ಹೆಚ್ಚಿನ ಬೆಲೆ ಕೊಡಿ.

ಸುರಕ್ಷತೆಯಲ್ಲಿ ಹೇಳಿಕೊಳ್ಳುವ ಸಾಧನೆಯಿದೆ. 2024ರ ನವೆಂಬರಿನಲ್ಲಿ ಪ್ರಕಟವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ರಾಕ್ಸ್‌ಗೆ ಐದು ನಕ್ಷತ್ರ ಬಂದಿವೆ: ವಯಸ್ಕರ ರಕ್ಷಣೆಗೆ 32ಕ್ಕೆ 31.09, ಮಕ್ಕಳ ರಕ್ಷಣೆಗೆ 49ಕ್ಕೆ 45. ಆರು ಏರ್‌ಬ್ಯಾಗ್ ಎಲ್ಲ ಮಾದರಿಗಳಲ್ಲೂ ಇವೆ. ಆದರೆ ಈ ಪರೀಕ್ಷೆಗಳು ಮುಂದಿನಿಂದ ಮತ್ತು ಪಕ್ಕದಿಂದ ಆಗುವ ಡಿಕ್ಕಿಯದ್ದು. ಗಾಡಿ ಮಗುಚುವುದನ್ನು ಅವು ಅಳೆಯುವುದಿಲ್ಲ. 1,923 ಮಿ.ಮೀ. ಎತ್ತರದ ವಾಹನವನ್ನು ಸರ್ವಿಸ್ ರಸ್ತೆಯಿಂದ ಹಠಾತ್ತಾಗಿ ತಿರುಗಿಸುವಾಗ ಚಿಕ್ಕ ಕಾರಿನ ಅಭ್ಯಾಸವನ್ನು ಬಿಡಬೇಕು. ಮೇಲಿನ ಮಾದರಿಗಳಲ್ಲಿರುವ ಕ್ಯಾಮೆರಾ, ರೇಡಾರ್ ಆಧಾರಿತ ತಾನೇ ಬ್ರೇಕ್ ಹಾಕುವ ಸೌಲಭ್ಯವನ್ನೂ ಕಬ್ಬು ಕಡಿಯುವ ಕಾಲದಲ್ಲಿ ಪೂರ್ತಿ ನಂಬಬೇಡಿ. ಹಿಂದೆ ಕೆಂಪು ದೀಪವೂ ಇಲ್ಲದೆ, ಎರಡೂ ಪಕ್ಕ ಕಬ್ಬಿನ ಸೋಗೆ ಚಾಚಿಕೊಂಡು ರಾತ್ರಿ ಹೊರಟ ಟ್ರೈಲರನ್ನು ಗುರುತಿಸಲು ಮನುಷ್ಯನ ಕಣ್ಣಿಗೇ ತಿಣುಕಾಟ.

ನೀರಿನ ವಿಚಾರದಲ್ಲಿ 650 ಮಿ.ಮೀ. ಎಂಬ ಅಂಕಿ ಕೈಪಿಡಿಯಲ್ಲಿದೆ. ಅದು ನಿಂತ ನೀರಿಗೆ, ಗಟ್ಟಿ ತಳಕ್ಕೆ ಹೇಳಿದ ಮಾತು. ಹರಿಯುವ ನೀರು ಒಂದಡಿ ಇದ್ದರೆ ಸಣ್ಣ ಕಾರನ್ನು ಎತ್ತುತ್ತದೆ, ಎರಡಡಿಗೆ ಎಸ್‌ಯುವಿಗಳನ್ನೂ ತಳ್ಳಿಕೊಂಡು ಹೋಗುತ್ತದೆ. ಎರಡಡಿ ಅಂದರೆ 610 ಮಿ.ಮೀ.; ಕೈಪಿಡಿಯ ಮಿತಿಯೊಳಗೇ ಗಾಡಿ ಕೊಚ್ಚಿಹೋಗಬಹುದೆಂದಾಯಿತು. ಕೆಆರ್‌ಎಸ್ ಹಿನ್ನೀರು ಇಳಿದಾಗ ಕಾಣುವ ಬಯಲೂ ಹಾಗೆಯೇ ಮೋಸದ್ದು: ಮೇಲೆ ಬಿರುಕು ಬಿಟ್ಟ ಒಣ ಪದರ, ಕೆಳಗೆ ಮೆತ್ತನೆಯ ಹೂಳು. ಫೋಟೋಗಾಗಿ ಗಾಡಿ ಇಳಿಸಬೇಡಿ.

ಟೈರ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಕೆಸರಿನಲ್ಲಿ ಯಂತ್ರದಷ್ಟೇ ಕೆಲಸ ಟೈರಿನದ್ದು. ಹಲವು ವರ್ಷಗಳ ಹಿಂದೆ ನನ್ನ ಹಳೆಯ ಫೋರ್ ಬೈ ಫೋರ್ ಒಂದನ್ನು ಕಡಿದ ಕಬ್ಬಿನ ಗದ್ದೆಯೊಂದರಲ್ಲಿ ಇಳಿಸಿದ್ದೆ. ಹಿಂದಿನ ರಾತ್ರಿ ಕೂಳೆಗೆ ನೀರು ಕಟ್ಟಿದ್ದು ನನಗೆ ತಿಳಿದಿರಲಿಲ್ಲ. ಟೈರುಗಳು ಹೆದ್ದಾರಿಯಲ್ಲಿ ಸವೆದು ನುಣ್ಣಗಾಗಿದ್ದವು. ನಾಲ್ಕೂ ಚಕ್ರ ತಿರುಗಿದವು, ಗಾಡಿ ಇದ್ದಲ್ಲೇ ಇತ್ತು. ಗದ್ದೆಯ ಯಜಮಾನರು ಬದುವಿನ ಮೇಲೆ ಕೂತು ಬೀಡಿ ಮುಗಿಸುವವರೆಗೆ ನೋಡಿ, ‘ಸ್ವಾಮಿ, ಎತ್ತು ತರಲೋ ಟ್ರ್ಯಾಕ್ಟರ್ ತರಲೋ’ ಎಂದು ಕೇಳಿದರು. ಅಂದಿನಿಂದ ನಾನು ಗಾಡಿಗಿಂತ ಮೊದಲು ಟೈರ್ ನೋಡುತ್ತೇನೆ. ರಾಕ್ಸ್‌ನ ಮೇಲಿನ ಮಾದರಿಗೆ 255/60 ಅಳತೆಯ 19 ಅಂಗುಲದ ಚಕ್ರ, ಅದಕ್ಕಿಂತ ಕೆಳಗಿನದಕ್ಕೆ 255/65 ಅಳತೆಯ 18 ಅಂಗುಲದ್ದು. ಲೆಕ್ಕ ಹಾಕಿದರೆ 19ರ ಟೈರಿನ ಪಕ್ಕದ ಗೋಡೆ 153 ಮಿ.ಮೀ., 18ರದ್ದು 166 ಮಿ.ಮೀ. ಆ ಹದಿಮೂರು ಮಿಲಿಮೀಟರ್ ರಬ್ಬರು ಕಲ್ಲಿನ ಪೆಟ್ಟನ್ನು ತಡೆಯುತ್ತದೆ, ಗಾಳಿ ಇಳಿಸಿದಾಗ ಹರಡಿ ನೆಲ ಹಿಡಿಯುತ್ತದೆ. ಆದ್ದರಿಂದ ನಿಮಗೆ 18 ಅಂಗುಲದ ಮಾದರಿಯೇ ಮೇಲು, ಹಣವೂ ಉಳಿಯುತ್ತದೆ. ಕೆಸರಿಗೆ ಇಳಿಯುವ ಮುನ್ನ ಟೈರಿನ ಗಾಳಿಯನ್ನು 20 ಪಿಎಸ್‌ಐ ಸುತ್ತಮುತ್ತ ಇಳಿಸಿ, ಟಾರಿಗೆ ಬಂದ ಮೇಲೆ ಮತ್ತೆ ತುಂಬಿಸಲು ಬ್ಯಾಟರಿಗೆ ಸಿಕ್ಕಿಸುವ ಚಿಕ್ಕ ಪಂಪು ಇಟ್ಟುಕೊಳ್ಳಿ. ಗಾಳಿ ಕಡಿಮೆಯಿರುವಾಗ ವೇಗವಾಗಿ ಓಡಿಸಕೂಡದು, ಟೈರ್ ಕಾದು ಹಾಳಾಗುತ್ತದೆ. ಇನ್ನು ನಾಟಿಗೆ ಹದ ಮಾಡಿದ ಭತ್ತದ ಗದ್ದೆಯೊಳಕ್ಕೆ ಯಾವ ಟೈರಿನ ಯಾವ ಎಸ್‌ಯುವಿಯೂ ಇಳಿಯಲಾರದು. ಅದು ಕೇಜ್ ವೀಲ್ ಹಾಕಿದ ಟ್ರ್ಯಾಕ್ಟರಿನ ರಾಜ್ಯ.

ಸಿಕ್ಕಿಕೊಂಡಾಗ ಎಳೆಸುವ ರೀತಿಯೂ ಮುಖ್ಯ. ನಮ್ಮಲ್ಲಿ ಟ್ರ್ಯಾಕ್ಟರಿನವರು ಪ್ರೀತಿಯಿಂದ ಓಡಿಬಂದು ಬಂಪರಿಗೋ ಅಚ್ಚಿಗೋ ಸರಪಳಿ ಬಿಗಿದುಬಿಡುತ್ತಾರೆ. ಸರಪಳಿ ಬೇಡ, ಗಾಡಿಯ ಎಳೆಕೊಂಡಿಗೆ ಅಗಲಪಟ್ಟಿಯ ಹಗ್ಗ ಹಾಕಿಸಿ, ನೋಡಲು ಸೇರಿದವರನ್ನು ಹಗ್ಗದ ಎರಡರಷ್ಟು ದೂರ ನಿಲ್ಲಿಸಿ. ತುಂಡಾದ ಸರಪಳಿ ಹಾರಿ ಬಂದು ಹೊಡೆಯುವ ರಭಸ ಊಹೆಗೆ ಮೀರಿದ್ದು.

ಸಣ್ಣಪುಟ್ಟ ದೋಷಗಳು ಕೆಲವಿವೆ. ಒಳಗಿನ ಸೀಟುಗಳು ಮಲ್ಲಿಗೆ ಬಿಳುಪು; ಗದ್ದೆಯಿಂದ ಬಂದವರು ಕೂತರೆ ಒಂದೇ ವಾರಕ್ಕೆ ಗುರುತು. ಫೋರ್ ಬೈ ಫೋರ್ ಮಾದರಿಗಳಲ್ಲಿ ಕಂದು ಬಣ್ಣದ ಆಯ್ಕೆ ಕೊಟ್ಟಿದ್ದಾರೆ, ಅದನ್ನೇ ಕೇಳಿ. ಹಿಂಬಾಗಿಲು ಸ್ಟೆಪ್ನಿ ಹೊತ್ತುಕೊಂಡು ಪಕ್ಕಕ್ಕೆ ತೆರೆಯುವುದರಿಂದ ಹಿಂದೆ ಗೋಡೆಗೆ ಒತ್ತಿ ನಿಲ್ಲಿಸಿದರೆ ಸಾಮಾನು ತೆಗೆಯಲಾಗದು. ಉದ್ದ 4,428 ಮಿ.ಮೀ., ಹದಿನಾಲ್ಕೂವರೆ ಅಡಿ. ಕುವೆಂಪುನಗರದ ಮನೆಯ ಕಾಂಪೌಂಡಿನೊಳಗೆ ಗೇಟು ಮುಚ್ಚುತ್ತದೆಯೇ ಎಂದು ನೋಡಿ.

ದುಡ್ಡಿನ ಮಾತು. ಬಿಡುಗಡೆಯ ದಿನ ಅತಿ ಕೆಳಗಿನ ರಾಕ್ಸ್‌ಗೆ ಷೋರೂಮ್ ಬೆಲೆ 12.99 ಲಕ್ಷವಿದ್ದರೆ ಆಮೇಲೆ ಪ್ರಕಟವಾದ ಫೋರ್ ಬೈ ಫೋರ್ ಬೆಲೆ ಆರಂಭವಾದದ್ದು 18.79 ಲಕ್ಷದಿಂದ. 2025ರ ಸೆಪ್ಟೆಂಬರ್ 22ರಿಂದ ಇಂಥ ದೊಡ್ಡ ವಾಹನಗಳ ಮೇಲೆ ಸೆಸ್ ಹೋಗಿ ಶೇ. 40ರ ಒಂದೇ ಜಿಎಸ್‌ಟಿ ಬಂದದ್ದರಿಂದ ಬೆಲೆಗಳು ಇಳಿದವು. ನಮ್ಮ ರಾಜ್ಯದ ಜೀವಿತಾವಧಿ ತೆರಿಗೆ ಮಾತ್ರ ಭಾರವೇ: ಹತ್ತರಿಂದ ಇಪ್ಪತ್ತು ಲಕ್ಷದವರೆಗೆ ಶೇ. 17, ಅದರಾಚೆಗೆ 18, ಜೊತೆಗೆ ಉಪಕರ. ಬಿಲ್ಲು ಇಪ್ಪತ್ತು ಲಕ್ಷದ ಗೆರೆಯ ಆಚೀಚೆ ಇದ್ದರೆ ಬೇಡದ ಸೌಲಭ್ಯವೊಂದನ್ನು ಬಿಟ್ಟು ಗೆರೆಯ ಈಚೆಗೇ ಉಳಿಯುವುದು ಜಾಣತನ. ಉಳಿಸಿದ ಹಣದಲ್ಲಿ ಸ್ನಾರ್ಕೆಲ್, ಎತ್ತರಿಸುವ ಸ್ಪ್ರಿಂಗು, ಕಬ್ಬಿಣದ ಬುಲ್ ಬಾರ್ ಹಾಕಿಸಲು ಹೋಗಬೇಡಿ. ವಾಹನದ ಮೂಲ ರಚನೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡಬರುತ್ತದೆ, ಬುಲ್ ಬಾರ್‌ಗೆ 2017ರಿಂದಲೇ ನಿಷೇಧವಿದೆ, ಅಪಘಾತವಾದಾಗ ವಿಮೆಯವರಿಗೆ ಅದೊಂದು ನೆಪವಾಗುತ್ತದೆ.

ಆದ್ದರಿಂದ ನನ್ನ ತೀರ್ಮಾನ ಹೀಗಿದೆ. ಮೋರಿಯ ಮೇಲಿನ ದಾರದ ಅಳತೆ ಹದಿನಾರು ಅಂಗುಲಕ್ಕೆ ಕಡಿಮೆಯಾಗದಿದ್ದರೆ, ತಾಯಿಯವರು ಹತ್ತಿಳಿಯಲು ಒಪ್ಪಿದರೆ, 18 ಅಂಗುಲ ಚಕ್ರದ ಡೀಸೆಲ್ ಫೋರ್ ಬೈ ಫೋರ್ ತೆಗೆದುಕೊಳ್ಳಿ. ಅಳತೆ ಕಡಿಮೆ ಬಂದು, ಮೋರಿಯ ಎರಡು ಕಡೆಗೂ ಜಲ್ಲಿ ಹಾಕಿಸಿ ಏರನ್ನು ಉದ್ದಕ್ಕೆ ಚಾಚಲು ಅಕ್ಕಪಕ್ಕದ ಜಮೀನಿನವರು ಒಪ್ಪಿದರೂ ಅದೇ ಗಾಡಿ ಸರಿ. ಎರಡು ಟ್ರ್ಯಾಕ್ಟರ್ ಲೋಡ್ ಜಲ್ಲಿಯ ಖರ್ಚು ವಾಹನದ ಬೆಲೆಯ ಮುಂದೆ ಏನೂ ಅಲ್ಲ. ಎರಡೂ ಆಗದಿದ್ದರೆ ಹಿಂಚಕ್ರದ ರಾಕ್ಸ್‌ಗೆ ಮಾತ್ರ ಮನಸೋಲಬೇಡಿ. ಮೈಸೂರಿಗೂ ಎಕ್ಸ್‌ಪ್ರೆಸ್‌ವೇಗೂ ಒಗ್ಗುವ ಸಾಧಾರಣ ಕುಟುಂಬದ ಕಾರು ಕೊಂಡು, ಮಳೆಗಾಲದಲ್ಲಿ ಊರಿನಿಂದ ಗದ್ದೆಗೆ ಈಗಿನಂತೆಯೇ ನಡೆದುಹೋಗಿ.

ದಾರ ಕಟ್ಟುವುದನ್ನು ಬೇಸಿಗೆಯಲ್ಲಿ ಮಾಡಬೇಡಿ. ಆಗ ಮೋರಿಯ ಮಣ್ಣು ಸವೆದು ತಗ್ಗಿರುತ್ತದೆ. ನಾಲೆಗೆ ನೀರು ಬಿಡುವ ಮುಂಚೆ ಊರಿನವರು ಹೊಸ ಮಣ್ಣು ಹಾಕಿ ಏರಿಸುತ್ತಾರಲ್ಲ, ಅದರ ಮಾರನೆಯ ದಿನ ಅಳೆಯಿರಿ.